ನಮ್ಮ ಹಿತ್ತಿಲಿನ ಸಪೋಟ ಈಸ್ಟರ್

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಕಲಿಸಿದ್ದಕ್ಕಿಂತ ಕಾವಲು ಕಾದದ್ದೇ ಹೆಚ್ಚು ಎಂದು ನನ್ನ ಸೊಸೆ ಅಣಕಿಸುತ್ತಾಳೆ. ಪರೀಕ್ಷೆಯ ಕೋಣೆಯಲ್ಲಿ ಯಾವ ಹುಡುಗನ ತೋಳಿನೊಳಗೆ ಚೀಟಿ ಇದೆ, ಯಾವ ಹುಡುಗಿಯದು ನಿಜವಾದ ಕೆಮ್ಮು, ಯಾರದು ಉತ್ತರ ಕೇಳುವ ಕೆಮ್ಮು ಎಂದು ಬಾಗಿಲಲ್ಲೇ ನಿಂತು ಹೇಳುತ್ತಿದ್ದೆ. ನಿವೃತ್ತಿಯಾದ ಮೇಲೆ ಪರೀಕ್ಷೆ ಹೋಯಿತು, ಬುದ್ಧಿ ಹೋಗಲಿಲ್ಲ. ಹಾಲಿನವನು ಬೆಳಿಗ್ಗೆ ಸ್ವಲ್ಪ ಹೆಚ್ಚು ನಕ್ಕರೂ ಇವತ್ತು ಹಾಲಿಗೆ ನೀರು ಬಿದ್ದಿದೆ ಅಂತಲೇ ನನ್ನ ಲೆಕ್ಕ. ಮನೆಯಲ್ಲಿ ನನಗೆ ಅನುಮಾನದ ಪಿಶಾಚಿ ಎಂದು ಹೆಸರು. ಇಟ್ಟುಕೊಳ್ಳಲಿ, ನನಗೇನು!

ಚಾಮರಾಜಪೇಟೆಯ ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೊಡುವಾಗಲೂ ನಾನೇ ಪ್ರಶ್ನೆ ಕೇಳಿದ್ದು. ಬಂದವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಗಸು. ಗಂಡ ಔಷಧಿ ಕಂಪನಿಯವನು, ಊರೂರು ಸುತ್ತುತ್ತಾನೆ. ಒಬ್ಬಳೇ ಮಗಳು, ನನ್ನ ಮೊಮ್ಮಗನ ವಯಸ್ಸಿನವಳು. ಹೆಸರು ಹೇಳಿದ ಕೂಡಲೇ ಕ್ರಿಶ್ಚಿಯನ್ನರು ಎಂದು ತಿಳಿಯಿತು. ನೀವು ಸಸ್ಯಾಹಾರಿಗಳಾ ಎಂದು ಕೇಳಿದೆ. "ಮನೇಲಿ ಏನೂ ಮಾಡಲ್ಲ ಮೇಡಂ, ಮೊಟ್ಟೇನೂ ತರಲ್ಲ" ಎಂದಳು. ನಾನು ಕೇಳಿದ್ದೊಂದು, ಅವಳು ಹೇಳಿದ್ದೊಂದು. ಕೇಳಿದ ಪ್ರಶ್ನೆ ಬಿಟ್ಟು ತಮಗೆ ಗೊತ್ತಿದ್ದಕ್ಕೆ ಉತ್ತರ ಬರೆಯುವ ಮಕ್ಕಳನ್ನು ನಾನು ಎಷ್ಟು ನೋಡಿಲ್ಲ? ಆದರೂ ಮಹಡಿ ಮೂರು ತಿಂಗಳಿಂದ ಖಾಲಿ ಬಿದ್ದಿತ್ತು. ಕೊಟ್ಟೆ. ಮೊಟ್ಟೆಯ ವಾಸನೆ ಬಂದ ದಿನ ಮನೆ ಖಾಲಿ ಮಾಡಬೇಕು ಎಂದು ಮುಖಕ್ಕೆ ಹೇಳಿಯೇ ಕೊಟ್ಟೆ.

ಕರಾರು ಹನ್ನೊಂದು ತಿಂಗಳಿನದು. ಒಮ್ಮೆ ಮುಂದುವರಿಸಿದ್ದಾಗಿತ್ತು. ಈ ವರ್ಷ ಏಪ್ರಿಲ್ ಕೊನೆಗೆ ಎರಡನೆಯದೂ ಮುಗಿಯುತ್ತಿತ್ತು. ಮುಂದುವರಿಸುತ್ತೀರಾ ಎಂದು ಅವಳು ಎರಡು ಸಲ ಕೇಳಿದ್ದಳು, ನಾನು ನೋಡೋಣ ಎಂದಿದ್ದೆ. ಮಗಳ ಶಾಲೆ ಪಕ್ಕದ ರಸ್ತೆಯಲ್ಲೇ ಇತ್ತು. ಈ ಮನೆ ಸಿಗುವ ಮೊದಲು ಏಳೆಂಟು ಕಡೆ ಹೆಸರು ಕೇಳಿ ಬಾಗಿಲು ಹಾಕಿದ್ದರಂತೆ. ಇಲ್ಲಿಂದ ಎಬ್ಬಿಸಿದರೆ ಅವರಿಗೆ ಎಷ್ಟು ಕಷ್ಟ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಸತಾಯಿಸಿದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅಂಥ ಹೊತ್ತಿನಲ್ಲಿ, ಈಸ್ಟರಿನ ಹಿಂದಿನ ದಿನ, ಶನಿವಾರ ಬೆಳಿಗ್ಗೆ ಅವಳು ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತಳು. ಕೈಬೆರಳು ಹಿಸುಕಿಕೊಳ್ಳುತ್ತಿದ್ದಳು. ನನ್ನ ಕಿವಿ ನೆಟ್ಟಗಾಯಿತು. ವಿಷಯ ಇಷ್ಟೇ: ಪ್ರತಿ ವರ್ಷ ಚರ್ಚಿನಲ್ಲಿ ಮಕ್ಕಳಿಗೆ ಸಂಜೆ ಮೊಟ್ಟೆ ಹುಡುಕುವ ಆಟ ಇಡುತ್ತಾರೆ, ಈ ವರ್ಷ ಅಲ್ಲಿ ರಿಪೇರಿ ನಡೆದಿರುವುದರಿಂದ ಇಲ್ಲ. ಅದು ತಿಳಿದ ಮಗಳು ಯಾರನ್ನೂ ಕೇಳದೆ, ನಮ್ಮ ಮನೇಲೇ ಪಾರ್ಟಿ ಎಂದು ರಸ್ತೆಯ ಮಕ್ಕಳನ್ನೆಲ್ಲ ಕರೆದುಬಿಟ್ಟಿದ್ದಾಳೆ. ಮಗಳೂ ಸೇರಿ ಒಟ್ಟು ಎಂಟು ಮಕ್ಕಳು, ಅದರಲ್ಲಿ ನನ್ನ ಮೊಮ್ಮಗನೂ ಒಬ್ಬ. ನಾಳೆ ನಾಲ್ಕರಿಂದ ಐದೂವರೆಯವರೆಗೆ ಹಿತ್ತಿಲು ಸಿಗುತ್ತದೆಯೇ?

"ಮೊಟ್ಟೆ ಇರಲ್ಲ ಮೇಡಂ, ಖಂಡಿತ" ಎಂದು ನಾನು ಕೇಳುವ ಮೊದಲೇ ಹೇಳಿದಳು. ಕೇಳದ ಪ್ರಶ್ನೆಗೆ ಉತ್ತರ ಬಂದರೆ ನನಗೆ ಮೊದಲಿನಿಂದಲೂ ಅನುಮಾನ. ಮೊಟ್ಟೆಯೇ ಇಲ್ಲದೆ ಮೊಟ್ಟೆ ಹುಡುಕುವುದು ಹೇಗಮ್ಮ ಎಂದೆ. ಬಣ್ಣದ ಕಾಗದ ಕತ್ತರಿಸಿ ಮಾಡುತ್ತೇನೆ ಎಂದಳು. ಬೇಡ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮೊಮ್ಮಗ ಒಳಗಿನಿಂದ ಓಡಿಬಂದು ನನ್ನ ಸೀರೆ ಹಿಡಿದು ಜಗ್ಗಿದ. ಅವನಿಗೆ ಎಲ್ಲ ಗೊತ್ತಿತ್ತು. ಅವರಿಬ್ಬರೂ ಸೇರಿಯೇ ಕರೆದಿದ್ದರಂತೆ! ಸರಿ, ಒಂದು ಷರತ್ತಿನ ಮೇಲೆ ಆಗಲಿ ಎಂದೆ. ಎಲ್ಲವೂ ನನ್ನ ಕಣ್ಣೆದುರಿಗೇ ಆಗಬೇಕು.

ಹಾಗೆ ಆ ಪಾರ್ಟಿಯ ಮೇಲ್ವಿಚಾರಣೆ ನನ್ನದಾಯಿತು. ಸಪೋಟ ಹಣ್ಣಿನ ಉಪಾಯವೂ ನನ್ನದೇ. ಹೆಚ್ಚು ಕಡಿಮೆ ಮೊಟ್ಟೆಯ ಆಕಾರ, ಸುಲಿದರೆ ತಿನ್ನಬಹುದು, ಯಾರ ಮಡಿಗೂ ಕುತ್ತಿಲ್ಲ. ಗಾಡಿಯವನ ಹತ್ತಿರ ತುಂಬ ಹಣ್ಣಾಗದ್ದನ್ನು ಒಂದೊಂದಾಗಿ ಅದುಮಿ ಆರಿಸಿ ತಂದೆ. ವರಮಹಾಲಕ್ಷ್ಮಿ ಹಬ್ಬದ ಮಂಟಪಕ್ಕೆ ತಂದು ಉಳಿದಿದ್ದ ಮಿಂಚುವ ಕಾಗದ ಟ್ರಂಕಿನಲ್ಲಿತ್ತು, ಅದನ್ನೂ ತೆಗೆದುಕೊಟ್ಟೆ. ಅವಳೂ ನನ್ನ ಸೊಸೆಯೂ ನಡುಮನೆಯಲ್ಲಿ ಕೂತು ಹಣ್ಣುಗಳಿಗೆ ಕಾಗದ ಸುತ್ತಿದರು. ನಾನು ಕನ್ನಡಕ ಹಾಕಿಕೊಂಡು ಎದುರಿಗೆ ಕೂತೆ.

ಒಂದು ಸಲ ಅವಳು ಕಾಗದವನ್ನು ನಾಲ್ಕಾಗಿ ಮಡಿಸಿ ಕತ್ತರಿ ಆಡಿಸಿದಳು. ಶಿಲುಬೆ ಕತ್ತರಿಸುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಹಾಗೇ ಒಂದೊಂದು ಮಗುವಿನ ಕೈಯಲ್ಲೂ ಇಟ್ಟು ಕಳಿಸಿದರೆ? ನಾಳೆ ರಸ್ತೆಯವರು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಕುತ್ತಿಗೆ ಉದ್ದ ಮಾಡಿ ನೋಡಿದೆ. ಬಿಡಿಸಿದಾಗ ಅದು ದಾಸವಾಳದಂಥ ಒಂದು ಹೂವು. ಸೊಸೆ ನನ್ನ ಮುಖ ನೋಡಿ ಅರ್ಥಮಾಡಿಕೊಂಡು, "ಅತ್ತೆ, ನೀವು ಪೊಲೀಸ್ ಆಗ್ಬೇಕಿತ್ತು" ಎಂದಳು. ಮಹಡಿಯವಳು ಮಾತ್ರ ನಗಲಿಲ್ಲ. ಉಳಿದ ಹೂಗಳನ್ನು ಬಿಡಿಸಿಯೇ ಕತ್ತರಿಸಿದಳು, ನನಗೆ ಕಾಣುವ ಹಾಗೆ.

ಮಕ್ಕಳು ಏನು ಹಾಡುತ್ತವೆ ಎಂದೂ ವಿಚಾರಿಸಿದೆ. ಅವಳ ಮಗು ನನ್ನೆದುರು ನಿಂತು ಇಂಗ್ಲಿಷಿನಲ್ಲಿ ಒಂದು ಪದ್ಯ ಹಾಡಿ ಕುಣಿಯಿತು. ಅದರಲ್ಲಿ ಒಂದು ಮೊಲ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಎರಡನೆಯ ಸಲ ಹಾಡಿಸಿ ಪಾಸು ಮಾಡಿದೆ.

ಭಾನುವಾರ ಮಧ್ಯಾಹ್ನ ಕೇಕ್ ಬಂತು. ಬೇಕರಿಯ ಡಬ್ಬದ ಮೇಲಿನ ಹಸಿರು ಚುಕ್ಕೆಯನ್ನು ನನ್ನ ಕಡೆಗೆ ತಿರುಗಿಸಿ ಇಟ್ಟಳು. ಚುಕ್ಕೆ ಯಾರು ಬೇಕಾದರೂ ಅಂಟಿಸಬಹುದು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮೂಲೆಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದೆ. ಮೊಟ್ಟೆಯ ರುಚಿ ನನಗೆಲ್ಲಿ ಗೊತ್ತು, ಜನ್ಮದಲ್ಲಿ ತಿಂದವಳಲ್ಲ! ಆದರೂ ಪರೀಕ್ಷಿಸಿದೆ, ತಲೆ ಆಡಿಸಿದೆ, ಇರಬಹುದು ಎಂದೆ. ವಾಸನೆ ಮಾತ್ರ ನನಗೆ ಗೊತ್ತು. ಶಾಲೆಯಲ್ಲಿ ಮಧ್ಯಾಹ್ನ ಮಕ್ಕಳು ಊಟದ ಡಬ್ಬಿ ತೆರೆದಾಗ ಬೇಯಿಸಿದ ಮೊಟ್ಟೆ ಇದ್ದರೆ ಮೂಗಿಗೆ ಬಡಿಯುತ್ತಿತ್ತು. ಆ ಮೂಗನ್ನೇ ನಂಬಿಕೊಂಡು ಎರಡು ವರ್ಷದಿಂದ ಮೆಟ್ಟಿಲ ಬುಡದಲ್ಲಿ ನಿಂತು ಮೂಸುತ್ತಿದ್ದೆ.

ನಾಲ್ಕು ಗಂಟೆಗೆ ಮಕ್ಕಳು ಬಂದವು. ಹಿತ್ತಿಲಲ್ಲಿ ಎಲ್ಲಿ ನೋಡಿದರೂ ಬಣ್ಣದ ಸಪೋಟ: ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ನಿಂಬೆ ಗಿಡದ ಕವಲಿನಲ್ಲಿ, ನೀರಿನ ಮೀಟರಿನ ಪೆಟ್ಟಿಗೆಯೊಳಗೆ. ತುಳಸಿಯ ಹತ್ತಿರ ಮಾತ್ರ ಇಡಬಾರದೆಂದು ನಾನು ಮೊದಲೇ ಹೇಳಿದ್ದೆ, ಯಾರೂ ಇಟ್ಟಿರಲಿಲ್ಲ. ಮಕ್ಕಳ ಕೂಗಾಟಕ್ಕೆ ಮಾಡಿನ ಪಾರಿವಾಳಗಳೆಲ್ಲ ಹಾರಿಹೋದವು. ನನ್ನ ಮೊಮ್ಮಗ ಬನೀನಿನೊಳಗೆಲ್ಲ ಹಣ್ಣು ತುಂಬಿಕೊಂಡು ಹೊಟ್ಟೆ ಮುಂದೆ ಮಾಡಿಕೊಂಡು ನಡೆದ. ನನಗೂ ನಗು ಬಂತು. ಪರವಾಗಿಲ್ಲ, ಕರಾರು ಇನ್ನೊಂದು ಹನ್ನೊಂದು ತಿಂಗಳು ಮುಂದುವರಿಸೋಣ ಎಂದು ಆಗಲೇ ಮನಸ್ಸಿನಲ್ಲಿ ಬಂದದ್ದು.

ಅಷ್ಟರಲ್ಲಿ ವಾಸನೆ ಬಂತು.

ಸಂಶಯವೇ ಇಲ್ಲ, ಬೇಯಿಸಿದ ಮೊಟ್ಟೆಯದೇ. ಮಕ್ಕಳು ಗುಂಪುಗೂಡಿ ಏನೋ ತಿನ್ನುತ್ತಿದ್ದವು. ಅವಳು ಗೋಡೆಯ ಪಕ್ಕ ಮುಚ್ಚಳ ಹಾಕಿದ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದಳು. ಎರಡು ವರ್ಷ ಕಾದದ್ದಕ್ಕೆ ಕೊನೆಗೂ ಸಿಕ್ಕಿಬಿದ್ದಳು ಎಂದು, ದೇವರಾಣೆ, ನನಗೆ ಒಂಥರಾ ಸಂತೋಷವೇ ಆಯಿತು. ದಡದಡ ಹೋಗಿ, ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ಇಬ್ಬರು ತಾಯಂದಿರ ಎದುರಿಗೇ, "ಆ ಡಬ್ಬಿ ತೆಗಿಯಮ್ಮ. ಏನಿದೆ ಅದ್ರಲ್ಲಿ?" ಎಂದೆ. ಅವಳ ಮುಖ ಬಿಳಿಚಿಕೊಂಡಿತು. ತೆಗೆದಳು. ಕಡಲೆಬೀಜದ ಚಿಕ್ಕಿ.

ನಾನು ಇನ್ನೂ ನಂಬಲಿಲ್ಲ. ಹಾಗಾದರೆ ಮಕ್ಕಳು ತಿಂದದ್ದೇನು, ಮೊಟ್ಟೆ ವಾಸನೆ ಎಲ್ಲಿಂದ ಬಂತು ಎಂದು ದನಿ ಏರಿಸಿದೆ. ಆಗ ಅವಳ ಮಗು ನನ್ನೆದುರು ಬಂದು ನಿಂತಿತು. ಎರಡೂ ಅಂಗೈ ಮೇಲೆ ಮಾಡಿ ಚಾಚಿತು.

"ಅಜ್ಜಿ, ನಾನು ತಿಂದಿಲ್ಲ. ಮೂಸಿ ನೋಡಿ."

ಆ ಮಗು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಳುತ್ತಿರಲಿಲ್ಲ, ಹೆದರಿದಂತೆಯೂ ಕಾಣಲಿಲ್ಲ. ದಿನಾ ಮಾಡುವ ಕೆಲಸದ ಹಾಗೆ ನಿಂತಿತ್ತು. ಇದನ್ನು ನೋಡಿದ ಉಳಿದ ಮಕ್ಕಳು ಇದೂ ಒಂದು ಆಟ ಎಂದುಕೊಂಡು ಓಡಿಬಂದು, ಅವಳ ಹಿಂದೆ ಸಾಲಾಗಿ ಕೈ ಚಾಚಿ ನಿಂತವು. ಕೊನೆಯಲ್ಲಿ ನನ್ನ ಮೊಮ್ಮಗ, ಈಸ್ಟರ್‌ನಲ್ಲಿ ಹೀಗೆ ಮಾಡಬೇಕಾ ಎಂದು ಪಕ್ಕದವನನ್ನು ಕೇಳುತ್ತಿದ್ದ.

ಸೊಸೆ ಅಡುಗೆಮನೆಯಿಂದ ಓಡಿಬಂದಳು. ಮಾವಿನಕಾಯಿ, ಕಲ್ಲಂಗಡಿ ಹೆಚ್ಚಿ ಉಪ್ಪು ಉದುರಿಸಿ ಮಕ್ಕಳಿಗೆ ಕೊಟ್ಟವಳು ಅವಳೇ. "ಅತ್ತೆ, ಅದು ಬ್ಲ್ಯಾಕ್ ಸಾಲ್ಟ್ ವಾಸನೆ. ನಮ್ಮನೇದೇ" ಎಂದು ಮೆಲ್ಲಗೆ ಹೇಳಿದಳು. ಆ ಉಪ್ಪಿನ ಡಬ್ಬಿ ತಂದು ಮೂಗಿನ ಹತ್ತಿರ ಹಿಡಿದಳು. ಅದೇ ವಾಸನೆ. ನನ್ನ ಅಡುಗೆಮನೆಯಲ್ಲೇ ಎಷ್ಟು ತಿಂಗಳಿಂದ ಇತ್ತೋ! ಎಷ್ಟು ಸಲ ಅದನ್ನೇ ಮೂಸಿ ಮಹಡಿಯ ಕಡೆ ನೋಡಿ ಹಲ್ಲು ಕಡಿದಿದ್ದೆನೋ.

ಮಕ್ಕಳು ಕಾಯುತ್ತಲೇ ಇದ್ದವು. ಬೇಡ ಹೋಗಿ ಎಂದರೆ ಆ ಮಗು ಒಂದೇ ಕೈ ಚಾಚಿಕೊಂಡು ಉಳಿಯುತ್ತದೆ. ಹಾಗಾಗಿ ಕೂತು ಎಲ್ಲರ ಕೈಗಳನ್ನೂ ಮೂಸಿದೆ, ನಗುನಗುತ್ತಾ ಒಬ್ಬೊಬ್ಬರಿಗೂ ಪಾಸ್ ಪಾಸ್ ಎಂದೆ. ಏಳು ಜನರ ಕೈಯಲ್ಲೂ ಕಪ್ಪು ಉಪ್ಪು, ಸಪೋಟದ ಅಂಟು. ಅವಳ ಮಗಳ ಕೈಯಲ್ಲಿ ಸೋಪಿನ ವಾಸನೆ ಮಾತ್ರ. ತನ್ನ ಹಬ್ಬದ ದಿನ, ತಾನೇ ಕರೆದ ಪಾರ್ಟಿಯಲ್ಲಿ, ಆ ಮಗು ಇನ್ನೂ ಒಂದು ಚೂರೂ ತಿಂದಿರಲಿಲ್ಲ.

ಸಂಜೆ ಅವಳು ತಟ್ಟೆಗಳನ್ನು ತೊಳೆದು ತಂದುಕೊಟ್ಟಳು. ಅಷ್ಟರಲ್ಲಿ ನಾನು ಹಳೆಯ ಕರಾರು ಪತ್ರ ತೆಗೆದಿಟ್ಟುಕೊಂಡು ಕೂತಿದ್ದೆ. ತಪ್ಪಾಯಿತು ಎಂದು ನೇರವಾಗಿ ಹೇಳಲು ನಾಲಿಗೆ ಬರಲಿಲ್ಲ. ಬಾಡಿಗೆ ಏರಿಸುವುದಿಲ್ಲ, ಎಷ್ಟು ವರ್ಷ ಬೇಕಾದರೂ ಇರಿ, ನಾಳೆಯೇ ಹೊಸ ಪತ್ರ ಮಾಡಿಸೋಣ ಎಂದೆ. ಅವಳು ನಿಂತೇ ಕೇಳಿಸಿಕೊಂಡಳು.

"ಬೇಡ ಮೇಡಂ. ನಾವು ಬಿಡ್ತೀವಿ."

ಬೇರೆ ಮನೆ ಸಿಕ್ಕಿತೇ ಎಂದು ಕೇಳಿದೆ. ಇಲ್ಲ, ಇನ್ನು ಹುಡುಕಬೇಕು ಎಂದಳು. ಮತ್ತೆ ಯಾಕಮ್ಮ, ಶಾಲೆ ಹತ್ತಿರವಿದೆ, ಮಗುವಿಗೆ ಸ್ನೇಹಿತರಿದ್ದಾರೆ ಎಂದೆ. ನನ್ನ ದನಿ ನನಗೇ ಬೇಡಿಕೊಂಡ ಹಾಗೆ ಕೇಳಿಸಿತು.

"ನಿಮ್ಮ ಮೇಲೆ ಬೇಜಾರಿಲ್ಲ ಮೇಡಂ. ಕೆಳಗೆ ಹೋಗೋಕೆ ಮುಂಚೆ ಕೈ ತೊಳ್ಕೊ, ಅಜ್ಜಿ ಕೇಳಿದ್ರೆ ತೋರ್ಸು ಅಂತ ನಾನೇ ಕಲಿಸಿದ್ದು. ಹೋದ ವಾರ ಸ್ಕೂಲ್‌ಗೆ ಕರೆಸಿದ್ರು. ಬೆಳಿಗ್ಗೆ ಕ್ಲಾಸಿಗೆ ಹೋಗೋವಾಗ ಬಾಗಿಲಲ್ಲಿ ನಿಂತು ಟೀಚರ್‌ಗೆ ಕೈ ಚಾಚ್ತಾಳಂತೆ. ಯಾಕೆ ಹೀಗೆ ಮಾಡ್ತಾಳೆ ಅಂತ ಕೇಳಿದ್ರು."

ಬಾಗಿಲಲ್ಲಿ ನಿಂತ ಟೀಚರು ಹೇಗಿರುತ್ತಾಳೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ತಟ್ಟೆಗಳನ್ನು ಮೇಜಿನ ಮೇಲೆ ಇಟ್ಟು ಮೆಟ್ಟಿಲು ಹತ್ತಿದಳು. ನಾನು ದೀಪ ಹಚ್ಚುವುದನ್ನೂ ಮರೆತು ಕೂತಿದ್ದೆ.

ಕರಾರು ಮುಗಿದ ಮೇಲೂ ಒಂದು ತಿಂಗಳು ಮನೆ ಹುಡುಕಿ, ಮೇ ತಿಂಗಳ ಕೊನೆಗೆ ಅವರು ಹೋದರು. ಮನೆ ಸಿಕ್ಕಿದ್ದು ಬಹಳ ದೂರ, ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸಿ ಹೋಗಬೇಕು. ಶಾಲೆಯನ್ನೂ ಬದಲಾಯಿಸಿದರು. ಸಾಮಾನಿನ ಗಾಡಿ ಬಾಗಿಲಲ್ಲಿ ನಿಂತಿದ್ದಾಗ ಆ ಮಗು ಟಾಟಾ ಹೇಳಲು ಒಳಗೆ ಬಂತು. ಅವಳಿಗೆಂದು ದೊಡ್ಡ ಚಾಕೊಲೇಟು ತಂದಿಟ್ಟಿದ್ದೆ. ಬಗ್ಗಿ ಅವಳ ಮುಂದೆ ಹಿಡಿದು, ತಗೋ ಪುಟ್ಟಿ ಎಂದೆ. ಚಾಕೊಲೇಟನ್ನೇ ನೋಡುತ್ತಾ ನಿಂತಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿತ್ತು.

"ಅಮ್ಮ ಇನ್ಮೇಲೆ ಯಾರಿಗೂ ಕೈ ತೋರಿಸ್ಬಾರ್ದು ಅಂದಿದಾರೆ ಅಜ್ಜಿ" ಎಂದಿತು.

ನಾನು ಎಷ್ಟು ಹೇಳಿದರೂ ಕೈ ಮುಂದೆ ತರಲಿಲ್ಲ.