ಅಪ್ಪನ ಪ್ಲೇಟುಗಳು ಗೋಡೆಗಲ್ಲ

ರಾತ್ರಿ ಪಾಳಿ ಮುಗಿಸಿ ಬಂದ ನರ್ಸಮ್ಮ ಕೈತೊಳೆದು, ಉಂಗುರ ಬಿಚ್ಚಿಟ್ಟು, ಅಡುಗೆಮನೆಯ ಕಟ್ಟೆಯ ಮೇಲೆ ದಪ್ಪ ಟವೆಲ್ ಹಾಸಿದಳು. ಅಪ್ಪ ಬಿಟ್ಟುಹೋದ ಗ್ರಾಮಫೋನ್ ಪ್ಲೇಟೊಂದನ್ನು ಅಂಚು ಹಿಡಿದು ಎತ್ತಿ, ಹಸುಗೂಸನ್ನು ಮಲಗಿಸುವ ಹಾಗೆ ಅದರ ಮೇಲೆ ಮಲಗಿಸಿದಳು.

ಬಾಗಿಲಲ್ಲಿ ಅಣ್ಣ ನಿಂತಿದ್ದ. "ಮತ್ತೆ ಶುರುವಾಯ್ತಾ? ಭಾನುವಾರ ಹೋಟೆಲಿನವನು ಬರ್ತಾನೆ. ಅಷ್ಟರಲ್ಲಿ ಎಲ್ಲಾನೂ ಕೊಂದು ಮುಗಿಸ್ತೀಯೇನೋ."

ಹೋಟೆಲಿನವನಿಗೆ ಹಾಡು ಬೇಕಿರಲಿಲ್ಲ. ನಡುವಿನ ತೂತಿಗೆ ಮೊಳೆ ಹೊಡೆದು ಗೋಡೆ ತುಂಬ ಪ್ಲೇಟು ತೂಗುಹಾಕುವ ಆಸೆ ಅವನದು. ಮಾರಲು ಅಣ್ಣ ಹೂಂ ಅಂದಿದ್ದ, ತಂಗಿ ಊಹೂಂ ಅಂದಿದ್ದಳು. ಅಪ್ಪ ಪ್ಲೇಟು ತುಂಬಿಟ್ಟಿದ್ದ ಪೆಟ್ಟಿಗೆ ಇಬ್ಬರದ್ದೂ.

ಅಣ್ಣನ ಕುಹಕಕ್ಕೆ ಕಾರಣವಿಲ್ಲದೆ ಇರಲಿಲ್ಲ. ಹಿಂದಿನ ವಾರ ಅವಳು ಮೊದಲ ಪ್ಲೇಟನ್ನು ಆಸ್ಪತ್ರೆಯ ಅಭ್ಯಾಸದಂತೆ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದ್ದಳು. ಥರ್ಮಾಮೀಟರಿನಿಂದ ಬಾಗಿಲ ಹಿಡಿಕೆಯವರೆಗೆ, ಅವಳ ಲೋಕದಲ್ಲಿ ಸ್ಪಿರಿಟ್ಟಿಗೆ ಜಗ್ಗದ ಕೊಳೆಯಿಲ್ಲ. ಹತ್ತಿ ಕಪ್ಪಾಯಿತು. ಅಬ್ಬಾ ಎಷ್ಟು ಕೊಳೆ ಅಂತ ಇನ್ನಷ್ಟು ಉಜ್ಜಿದಳು. ಹತ್ತಿಗೆ ಬಂದದ್ದು ಕೊಳೆಯಲ್ಲ, ಪ್ಲೇಟೇ. ಅದು ಅರಗಿನದ್ದು, ಸ್ಪಿರಿಟ್ಟಿನಲ್ಲಿ ಕರಗುತ್ತದೆ. "ನಮ್ಮ ನರ್ಸಮ್ಮನ ಕೈಲಿ ಜೀವ ಬಿಟ್ಟ ಮೊದಲ ರೋಗಿ" ಅಂತ ಅತ್ತಿಗೆ ಬಿದ್ದುಬಿದ್ದು ನಕ್ಕಿದ್ದಳು. ನಗುವವರು ನಗಲಿ ಎಂದುಕೊಂಡು ಇವಳು ರೇಡಿಯೋ ರಿಪೇರಿಯವನ ಹತ್ತಿರ ಹೋಗಿ ಸರಿಯಾದ ಕ್ರಮ ಕೇಳಿಕೊಂಡು ಬಂದಳು.

"ನಾನು ಕೊಂದಿದ್ದು ಒಂದು," ಅಂದಳು ಈಗ, ತಲೆಯೆತ್ತದೆ. "ನೀನು ಎಲ್ಲಾನೂ ಒಟ್ಟಿಗೆ ಗಲ್ಲಿಗೆ ಹಾಕೋಕೆ ಹೊರಟಿದ್ದೀಯ."

ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ಸೋಪಿನ ಒಂದೇ ಹನಿ. ಮೆತ್ತನೆಯ ಬ್ರಷ್ಷನ್ನು ಪ್ಲೇಟಿನ ಗೆರೆ ಸುತ್ತುವ ದಿಕ್ಕಿನಲ್ಲೇ ಆಡಿಸಿದಳು, ಅಡ್ಡಡ್ಡ ಉಜ್ಜಲಿಲ್ಲ. ಹಾಡಿನ ಹೆಸರಿದ್ದ ನಡುವಿನ ಕಾಗದಕ್ಕೆ ನೀರು ತಾಗದಂತೆ ಅದರ ಮೇಲೆ ಬಟ್ಟಲು ಕವುಚಿದ್ದಳು. ಸೋಪು ಹೋಗುವಂತೆ ಬರೀ ನೀರಲ್ಲಿ ಒರೆಸಿ, ಬಟ್ಟೆಯಿಂದ ಒತ್ತಿ, ಬಿಸಿಲು ಬೀಳದ ಕಡೆ ಒಣಗಲು ನಿಲ್ಲಿಸಿದಳು.

"ಅಪ್ಪ ಇದ್ದಿದ್ರೆ ಇಷ್ಟೆಲ್ಲ ಮಾಡ್ತಿರ್ಲಿಲ್ಲ," ಅಂದ ಅಣ್ಣ.

"ಅಪ್ಪ ಇದನ್ನ ಗೋಡೆ ಮೇಲೆ ನೋಡೋಕೆ ತಂದಿರ್ಲಿಲ್ಲ, ಕೇಳೋಕೆ ತಂದಿದ್ದು."

ಒಣಗಿದ ಮೇಲೆ ನಡುಮನೆಯ ರೆಕಾರ್ಡ್ ಪ್ಲೇಯರಿನ ವೇಗವನ್ನು ಹಳೇ ಪ್ಲೇಟಿಗೆ ಬೇಕಾದ ಎಪ್ಪತ್ತೆಂಟಕ್ಕೆ ತಿರುಗಿಸಿ, ರಿಪೇರಿಯವನು ಕೊಟ್ಟ ದಪ್ಪ ಮೊನೆಯ ಸೂಜಿ ಸಿಕ್ಕಿಸಿದಳು. ಈಚಿನ ರೆಕಾರ್ಡುಗಳ ಸಪೂರ ಸೂಜಿ ಈ ಅಗಲದ ಗೆರೆಯ ತಳಕ್ಕೆ ಬಿದ್ದು ಒದ್ದಾಡುತ್ತದೆ. ಉಸಿರು ಹಿಡಿದು ಸೂಜಿ ಇಳಿಸಿದಳು. ಮೊದಲು ಚಟಪಟ, ಆಮೇಲೆ ಹಾರ್ಮೋನಿಯಂ, ಅದರ ಹಿಂದೆಯೇ ಹೆಂಗಸೊಬ್ಬಳ ಗಟ್ಟಿ ದನಿ. ಅಡುಗೆಮನೆಯಲ್ಲಿ ಅತ್ತಿಗೆಯ ಪಾತ್ರೆ ಸದ್ದು ನಿಂತಿತು.

"ಗೊರಗೊರ ಇನ್ನೂ ಇದೆ," ಅಂದ ಹಿಂದೆಯೇ ಬಂದಿದ್ದ ಅಣ್ಣ.

"ನಿನ್ನ ಗೊರಕೆಗಿಂತ ಕಮ್ಮಿ. ಸುಮ್ನೆ ಕೇಳು."

ಹಾಡು ಮುಗಿಯುವವರೆಗೂ ಅವನು ಕದಲಲಿಲ್ಲ. ಮುಗಿದ ಮೇಲೆ, "ನಾನು ಮಾತು ಕೊಟ್ಟಾಗಿದೆಯಲ್ಲೇ," ಅಂದ.

"ನಿನ್ನ ಮಾತು ಕೊಟ್ಟಿದ್ದೀಯ, ನಂದಲ್ಲ. ಪಿಂಗಾಣಿ ತಟ್ಟೆ ನೇತುಹಾಕ್ಕೊಳ್ಳೋಕೆ ಹೇಳು ಅವನಿಗೆ. ಬೇಡ, ನಾನೇ ಹೇಳ್ತೀನಿ."

ಭಾನುವಾರ ಅವಳಿಗೆ ಹಗಲು ಪಾಳಿಯಿತ್ತು. ರಜೆ ಹಾಕಿದ್ದಾಳೆ. ಹೋಟೆಲಿನವನು ಬಂದಾಗ ಬಾಗಿಲು ತೆರೆಯುವವಳು ಅವಳೇ.