ತಿಂಗಳಿಗೊಂದು ಬಾಟಲಿ ಕೇಶತೈಲ

ಮೊನ್ನೆ ಮೊಮ್ಮಗಳು ತಲೆಗೆ ಸ್ನಾನ ಮಾಡಿ ಬಂದಾಗ ಹಜಾರದ ತುಂಬ ಶಾಂಪೂವಿನ ಘಮ. ಉದುರಿದ ಕೂದಲು ಮತ್ತೆ ಹುಟ್ಟುತ್ತದೆ ಎಂದು ಅದರ ಬಾಟಲಿಯ ಮೇಲೆ ಬರೆದಿದೆಯಂತೆ. ನನಗೆ ಪಕ್ಕದ ಮನೆಯ ಅತ್ತೆ ನೆನಪಾದರು...

ಸ್ವಾತಂತ್ರ್ಯ ಬರಲು ಇನ್ನೂ ಕೆಲವು ವರ್ಷಗಳಿದ್ದವು. ಮೂಡಿಗೆರೆ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಅಪ್ಪ ಮೇಸ್ತ್ರಿಯಾಗಿದ್ದರು. ಅತ್ತೆ ಎಂದರೆ ನೆಂಟರೇನಲ್ಲ. ಆಳುಗಳ ಹಾಜರಿ ಬರೆಯುವ ರೈಟರ ಹೆಂಡತಿ. ಅವರ ಕೂದಲು ಬಿಚ್ಚಿದರೆ ಮೊಣಕಾಲು ಮುಟ್ಟುತ್ತಿತ್ತು. ಅದನ್ನು ಒಣಗಿಸಲು ಕಣದ ಬದಿಯಲ್ಲಿ ಕೂತರೆ, ಕಾಫಿ ಹಣ್ಣು ಹರಡುವ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ನನಗೆ ಹನ್ನೆರಡು ವರ್ಷವಿರಬೇಕು, ವಿಷಮಜ್ವರ ಬಂದು ತಲೆ ಬೋಳಾಯಿತು. ಅಮ್ಮ ಅಳುತ್ತಲೇ ಪೇಟೆಗೆ ಹೋದಳು. ಅಂಗಡಿ ಸಾಹುಕಾರರು ಒಂದು ಕೇಶತೈಲ ತೋರಿಸಿ, "ರೈಟರಮ್ಮ ಹಚ್ಚೋದು ಇದನ್ನೇ ಕಣಮ್ಮ. ಬೇರೆ ಸಾಕ್ಷಿ ಬೇಕಾ?" ಎಂದರಂತೆ. ಅಮ್ಮ ತಂದಳು. ಎರಡು ತಿಂಗಳು ತಿಕ್ಕಿದರೂ ಏನೂ ಮೊಳೆಯಲಿಲ್ಲ.

ಕೊನೆಗೆ ನಾನೇ ಅತ್ತೆಯನ್ನು ಕೇಳಿದೆ. "ನಿಮಗೆ ಆ ಎಣ್ಣೇಲಿ ಎಷ್ಟು ದಿನಕ್ಕೆ ಉದ್ದ ಬಂತು ಅತ್ತೆ?"

"ಯಾವ ಎಣ್ಣೆಯೇ? ಕೊಬ್ಬರಿ ಎಣ್ಣೆ, ಸೀಗೆಕಾಯಿ ಬಿಟ್ರೆ ಈ ತಲೆ ಏನನ್ನೂ ಕಂಡಿಲ್ಲ" ಎಂದು ನಕ್ಕರು. ಸಾಹುಕಾರರ ಮಾತು ಹೇಳಿದಾಗ ಆ ನಗು ನಿಂತಿತು. ಮರುದಿನವೇ ನನ್ನ ಕೈ ಹಿಡಿದು ಅಂಗಡಿಗೆ ಕರೆದೊಯ್ದರು.

"ಕಾಯಿಲೆ ಬಿದ್ದ ಮಗೂಗೆ ನನ್ನ ಹೆಸರು ಹೇಳಿ ಮಾರಿದ್ರಲ್ಲ ಸಾಹುಕಾರ್ರೇ, ನಾನು ಯಾವತ್ತು ಇದನ್ನ ಹಚ್ಚಿದ್ದೆ?"

ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಸಾಹುಕಾರರು ತಲೆ ತಗ್ಗಿಸಿ ತಕ್ಕಡಿ ಒರೆಸಿದರು. ಆಮೇಲೆ ಮೆಲ್ಲಗೆ, "ಸುಳ್ಳಲ್ಲಮ್ಮ. ರೈಟರು ತಿಂಗಳಿಗೊಂದು ಬಾಟಲಿ ತಗೊಂಡು ಹೋಗ್ತಾರೆ. ನಿಮಗೇ ಅಂದ್ಕೊಂಡಿದ್ದೆ" ಎಂದರು.

ಅತ್ತೆಯ ಮನೆಯಲ್ಲಿ ಅಂಥ ಬಾಟಲಿಯನ್ನು ನಾನೆಂದೂ ಕಂಡಿರಲಿಲ್ಲ. ಅತ್ತೆ ಬಿರಬಿರನೆ ಮನೆಯತ್ತ ನಡೆದರು. ಹಳ್ಳ ದಾಟುವ ಮರದ ಸಂಕದ ಹತ್ತಿರ ಮಾತ್ರ ನಿಂತು, "ಯಾರಿಗಿರಬಹುದೇ?" ಎಂದು ನನ್ನನ್ನು, ಹನ್ನೆರಡರ ಹುಡುಗಿಯನ್ನು, ಕೇಳಿದರು.

ಸಂಜೆ ಗೋಡೆಯಾಚೆಯಿಂದ ರೈಟರ ದನಿ ಕೇಳಿಸಿತು. "ದೇವರಾಣೆ, ಆ ಎಣ್ಣೆ ನಾನು ಮುಟ್ಟೂ ಇಲ್ಲ!"

ವಾರ ಕಳೆದು ಅತ್ತೆ ಕಳಸದ ಕಡೆಯ ತವರಿಗೆ ಹೊರಟರು. ಹೊರಡುವ ಬೆಳಿಗ್ಗೆ ನನ್ನ ಬೋಳು ತಲೆಗೆ ಕೊಬ್ಬರಿ ಎಣ್ಣೆ ತಟ್ಟಿ, ಸೀಗೆ ಹಾಕಿ, ಕಣ್ಣಿಗೆ ಹೋಗದಂತೆ ಕೈ ಅಡ್ಡ ಹಿಡಿದು ತೊಳೆದರು. ಮತ್ತೆ ಬರಲಿಲ್ಲ. ರೈಟರು ಒಂಟಿಯಾಗಿ ಅಡುಗೆ ಮಾಡಿಕೊಂಡು ಉಂಡರು. ಬೇರೆ ಹೆಂಗಸಿನ ಸುದ್ದಿ ಯಾರ ಬಾಯಲ್ಲೂ ಬರಲಿಲ್ಲ.

ನನ್ನ ಕೂದಲು ಮಳೆಗಾಲದ ಹೊತ್ತಿಗೆ ಬಂತು. ತೈಲದ್ದೇ ಗುಣವೆಂದಳು ಅಮ್ಮ. ಜ್ವರಕ್ಕೆ ಉದುರಿದ್ದು ತಾನಾಗಿಯೇ ಬರುತ್ತದೆಂದರು ಡಾಕ್ಟರು. ನಾನು ಅತ್ತೆಯ ಕೈಗುಣವೆಂದುಕೊಂಡೆ... ಯಾವುದು ನಿಜವೋ.

ಸಾಹುಕಾರರು ನಾಲ್ಕು ಜನರೆದುರು ಮಾನ ಉಳಿಸಿಕೊಳ್ಳಲು ಹಾಗೆಂದರೇ? ರೈಟರು ಸುಳ್ಳು ಆಣೆ ಇಟ್ಟರೇ? ಒಂದು ದಿನ ಹಾಗೆನ್ನಿಸುತ್ತದೆ, ಇನ್ನೊಂದು ದಿನ ಹೀಗೆ. ಅತ್ತೆ ತೀರಿಕೊಂಡ ಸುದ್ದಿ ನಮಗೆ ತಲುಪಿದ್ದೇ ಎಷ್ಟೋ ವರ್ಷಗಳ ಮೇಲೆ. ಈಗ ಕೇಳೋಣವೆಂದರೆ ಮೂವರಲ್ಲಿ ಒಬ್ಬರೂ ಇಲ್ಲ. ಅಂದು ನಾನು ಬಾಯಿ ಮುಚ್ಚಿಕೊಂಡಿದ್ದರೆ ಅತ್ತೆ ಪಕ್ಕದ ಮನೆಯಲ್ಲೇ ಇರುತ್ತಿದ್ದರೇನೋ... ಅದೂ ಗೊತ್ತಿಲ್ಲ.