ಚಕ್ಕುಲಿಯಡಿಯ ಉತ್ತರಗಳು

ಪಕ್ಕದ ಮನೆಯಲ್ಲಿ ಚಕ್ಕುಲಿ ಕರಿಯುತ್ತಿದ್ದಾರೆ. ಕಿಟಕಿಯಿಂದ ಬರುವ ಆ ಘಮಕ್ಕೆ ನಿಮ್ಮ ಬಾಯಲ್ಲಿ ನೀರೂರಬಹುದು; ನನಗೆ ಮಾತ್ರ ಭಿನ್ನರಾಶಿ ನೆನಪಾಗುತ್ತದೆ. ನಗಬೇಡಿ, ಕಾರಣವಿದೆ.

ನಮ್ಮ ಮಗಳು ಸಿಂಚನಾ ಆರನೇ ತರಗತಿಯಲ್ಲಿದ್ದಾಗ ಅವಳಿಗೊಂದು ಹೊಟ್ಟೆನೋವು ಶುರುವಾಯಿತು. ಬೆಳಿಗ್ಗೆ ಸ್ಕೂಲ್ ವ್ಯಾನಿನ ಹಾರನ್ ಕೇಳಿದ ಕೂಡಲೇ ಬರುತ್ತಿತ್ತು, ವ್ಯಾನು ತಿರುವಿನಲ್ಲಿ ಮರೆಯಾದರೆ ಹೋಗುತ್ತಿತ್ತು. ನಾಟಕ ಅನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ, ಒಂದು ದಿನ ಅವಳು ವ್ಯಾನಿನ ಮೆಟ್ಟಿಲ ಮೇಲೇ ವಾಂತಿ ಮಾಡಿಕೊಳ್ಳುವವರೆಗೆ. ನರಸೀಪುರದ ಡಾಕ್ಟರು, ಮೈಸೂರಿನ ಡಾಕ್ಟರು ಇಬ್ಬರೂ ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು. ಇದ್ದದ್ದು ಗಣಿತದ ಪೀರಿಯಡ್ಡು. ಬೋರ್ಡಿನ ಮುಂದೆ ನಿಂತು ಲೆಕ್ಕ ತಪ್ಪಿದಾಗಲೆಲ್ಲ ಇಡೀ ಕ್ಲಾಸು ನಗುತ್ತಿತ್ತಂತೆ. "ಮುಂದಿನ ವರ್ಷ ಮನೆಯಲ್ಲೇ ಓದಲಿ, ನಾನೇ ಕಲಿಸ್ತೀನಿ" ಎಂದು ಘೋಷಿಸಿಬಿಟ್ಟೆ.

ಹೀಗೆ ಘೋಷಿಸಿದವಳ ಯೋಗ್ಯತೆಯನ್ನೂ ಕೇಳಿ. ಓದಿದ್ದು ಕನ್ನಡ ಎಂ.ಎ. ಹತ್ತನೇ ತರಗತಿಯ ಗಣಿತದಲ್ಲಿ ಪಾಸಾದದ್ದು ನಂಜುಂಡೇಶ್ವರನ ಕೃಪೆ. ಉರುಳುಸೇವೆಯ ಹರಕೆ ಹೊತ್ತದ್ದು ಅಮ್ಮ, ಉರುಳಿದ್ದು ನಾನು. ಯಜಮಾನರು ಎರಡೂ ಕಡೆಗೆ ತಲೆಯಾಡಿಸಿ ಆಫೀಸಿಗೆ ಹೋದರು. ಹದಿನಾರು ಎಂಬ ಹಳ್ಳಿಯಲ್ಲಿ ಹುಟ್ಟಿ ಬೆಳೆದ ನಮ್ಮತ್ತೆ ಮಾತ್ರ ನೇರವಾಗಿ ಹೇಳಿದರು: "ಐಕ್ಳು ಮನೇಲಿ ಕೂತ್ರೆ ದನ ಕಾಯ್ಬೇಕಾಯ್ತದೆ ಕಣವ್ವ."

"ನಮ್ಮನೇಲಿ ದನ ಎಲ್ಲಿದೆ ಅತ್ತೆ?"

"ಅದ್ಕೇ ಯೋಳ್ತಿರೋದು. ಇಲ್ಲಿ ಆ ಕೆಲ್ಸಾನೂ ಇಲ್ಲ."

ಮೈಸೂರಿಗೆ ಹೋಗಿ ಗಣಿತದ ಅಭ್ಯಾಸದ ವರ್ಕ್‌ಬುಕ್ ತಂದೆ. ದಿನಕ್ಕೊಂದು ಪುಟ. ಪ್ರತಿ ಪುಟದ ಮೂಲೆಯಲ್ಲೂ ಕನ್ನಡಕ ಹಾಕಿಕೊಂಡ ಗೂಬೆಯೊಂದು "ಶಭಾಷ್!" ಅನ್ನುತ್ತಿತ್ತು, ಲೆಕ್ಕ ಮಾಡುವ ಮೊದಲೇ. ಉತ್ತರಗಳು ಕೊನೆಯಲ್ಲಿದ್ದವು. ಮಗಳು ಕದ್ದು ನೋಡಬಾರದೆಂದು ಆ ಹಾಳೆಗಳನ್ನು ಕಿತ್ತು ರಾಗಿಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟೆ. ಅವಳು ಲೆಕ್ಕ ಮುಗಿಸಿದಾಗ "ಇರು, ಹಾಲು ಉಕ್ಕುತ್ತೆ" ಎಂದು ಅಡುಗೆಮನೆಗೆ ಹೋಗುತ್ತಿದ್ದೆ. ಡಬ್ಬ ತೆಗೆದು ನೋಡಿಕೊಂಡು, ಗಣಿತ ಮೇಷ್ಟರ ಗತ್ತಿನಲ್ಲಿ ಹೊರಬಂದು, ಕೆಂಪು ಪೆನ್ನಿನಲ್ಲಿ ತಪ್ಪು ಹಾಕುತ್ತಿದ್ದೆ. ಒಂದು ತಿಂಗಳೂ ಕಳೆದಿರಲಿಲ್ಲ. ಹೊಟ್ಟೆನೋವು ವಾಪಸ್ಸು ಬಂತು. ಈಗ ಅದಕ್ಕೆ ಹಾರನ್ ಬೇಕಿರಲಿಲ್ಲ, ನಾನು ವರ್ಕ್‌ಬುಕ್ ತೆಗೆದರೆ ಸಾಕಿತ್ತು. ಸ್ಕೂಲು ಬಿಡಿಸುತ್ತೇನೆಂದು ಹೊರಟವಳು ಅದೇ ಸ್ಕೂಲನ್ನು ನಡುಮನೆಗೆ ತಂದು ಕೂರಿಸಿದ್ದೆ. ಮಗಳು ನನ್ನ ಕಡೆ ನೋಡುವುದನ್ನೇ ಕಡಿಮೆ ಮಾಡಿದಳು. ನನಗೆ ನಿಜವಾಗಿ ಭಯವಾಯಿತು.

ಅಷ್ಟರಲ್ಲಿ ಗೌರಿಹಬ್ಬ ಬಂತು. ಅತ್ತೆ ಚಕ್ಕುಲಿಗೆ ಕೂತರು. ನಾನು ಸಂತೆಯಿಂದ ಬಂದು ನೋಡುತ್ತೇನೆ, ಮೊರದ ತುಂಬ ಬಿಸಿ ಚಕ್ಕುಲಿ, ಅದರಡಿ ಎಣ್ಣೆ ಹೀರಲು ಹಾಸಿದ ಕಾಗದ. ಆ ಕಾಗದದ ಅಂಚಿನಿಂದ ಗೂಬೆ ನನ್ನನ್ನೇ ನೋಡುತ್ತಿತ್ತು.

"ಅತ್ತೇ! ಅದು ಉತ್ತರ!"

"ಯಾರ್ ಉತ್ತರವ್ವ?"

"ಲೆಕ್ಕದ್ದು!"

"ಉತ್ತರ ಆದ್ರೆ ಇಟ್ಟಿನ್ ಡಬ್ಬದಾಗೆ ಯಾಕ್ ಕೂತಿತ್ತು?"

ಎಣ್ಣೆ ಕುಡಿದ ಹಾಳೆ ಗಾಜಿನಂತಾಗಿ, ಹಿಂದಿನ ಉತ್ತರ ಮುಂದಿನದರ ಮೇಲೆ ಸವಾರಿ ಮಾಡುತ್ತಿತ್ತು. ಬಾಗಿಲಲ್ಲಿ ಸಿಂಚನಾ ನಿಂತಿದ್ದಳು. "ಅಮ್ಮಾ, ನೀನು ನೋಡ್ಕೊಂಡು ತಿದ್ತಿದ್ದೆಯಾ? ಅದಕ್ಕಾ ದಿನಾ ಹಾಲು ಉಕ್ತಿದ್ದದ್ದು?" ಎಂದವಳೇ ನಗತೊಡಗಿದಳು. ಬಗ್ಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಹೊಟ್ಟೆಯನ್ನು ಅವಳು ನಗುವುದಕ್ಕಾಗಿ ಹಿಡಿದುಕೊಂಡು ಎಷ್ಟು ಕಾಲವಾಗಿತ್ತೋ. ನನಗೆ ಮಾನ ಹೋದದ್ದೂ ಮರೆತುಹೋಯಿತು.

ಹಬ್ಬ ಕಳೆದ ಮೇಲೆ ಅವಳೇ ಒಂದು ದಾರಿ ಹೇಳಿದಳು. "ನೀನೂ ಮಾಡು, ನಾನೂ ಮಾಡ್ತೀನಿ. ಇಬ್ಬರದೂ ಒಂದೇ ಬಂದ್ರೆ ಸರಿ."

"ಬೇರೆ ಬೇರೆ ಬಂದ್ರೆ?"

"ಅಜ್ಜಿಗೆ ಹೇಳೋಣ. ಯಾರು ಹೇಳಿದ್ದು ಅಜ್ಜಿಗೆ ಅರ್ಥ ಆಗುತ್ತೋ ಅವರು ಗೆದ್ದಂಗೆ."

ಅತ್ತೆಗೆ ಗಣಿತ ಬರುತ್ತಿರಲಿಲ್ಲ, ಆದರೆ ಪಂಚಾಯ್ತಿ ಅಂದರೆ ಪ್ರಾಣ. ಎಲೆಅಡಿಕೆ ತಟ್ಟೆ ಪಕ್ಕಕ್ಕಿಟ್ಟುಕೊಂಡು ದಿನಾ ಬಂದು ಕೂರತೊಡಗಿದರು. ಇಬ್ಬರೂ ಒಂದೇ ತಪ್ಪು ಮಾಡಿ, ಸಂತೋಷದಿಂದ ಸರಿ ಹಾಕಿಕೊಂಡ ಪುಟಗಳೂ ಇದ್ದಿರಬೇಕು. ಗೂಬೆ ಹೇಗೂ ಶಭಾಷ್ ಅಂದಿತ್ತಲ್ಲ.

ಒಂದು ದಿನ ಅರ್ಧವನ್ನು ಕಾಲುಭಾಗದಿಂದ ಭಾಗಿಸುವ ಲೆಕ್ಕ ಬಂತು. ನನ್ನ ಉತ್ತರ ಅರೆಕಾಲು, ಅಂದರೆ ಎಂಟರಲ್ಲೊಂದು. ಮಗಳದು ಎರಡು. ನಾನು ಸೆರಗು ಸಿಕ್ಕಿಸಿಕೊಂಡು ವಾದಿಸಿದೆ: "ಭಾಗ ಮಾಡಿದ್ರೆ ಕಡಿಮೆ ಆಗ್ಬೇಕು. ಅರ್ಧ ಹೋಗಿ ಎರಡು ಹೆಂಗಾಗುತ್ತೆ?" ಅತ್ತೆ ತಲೆದೂಗಿದರು, ನಾನು ಗೆದ್ದೆ ಅಂದುಕೊಂಡೆ. ಸಿಂಚನಾ ಒಳಗೆ ಹೋಗಿ ಅಕ್ಕಿಯನ್ನೂ ಅತ್ತೆಯ ಹಳೆಯ ಅಳತೆಪಾತ್ರೆಗಳನ್ನೂ ತಂದಳು.

"ಅಜ್ಜಿ, ಅಚ್ಚೇರು ಅಂದ್ರೆ ಅರ್ಧ ಸೇರು ಅಲ್ವಾ? ಪಾವು ಅಂದ್ರೆ ಕಾಲು ಸೇರು. ಈ ಅಚ್ಚೇರಲ್ಲಿ ಎಷ್ಟು ಪಾವು ಇದೆ ಅಂತಾನೇ ಪುಸ್ತಕ ಕೇಳ್ತಿರೋದು." ಅಚ್ಚೇರು ತುಂಬ ಅಕ್ಕಿ ತುಂಬಿ, ಪಾವಿಗೆ ಸುರಿದಳು. ಒಂದು. ಮತ್ತೆ ಸುರಿದಳು. ಎರಡು. ಅಚ್ಚೇರು ಖಾಲಿ.

ಅತ್ತೆ ನನ್ನತ್ತ ತಿರುಗಿದರು. "ನೀ ಸೋತೆ ಬುಡವ್ವ."

ಭಾಗಾಕಾರ ಏನನ್ನು ಕೇಳುತ್ತದೆ ಎಂಬುದು ಅಷ್ಟು ವಯಸ್ಸಾದ ಮೇಲೆ, ಚೆಲ್ಲಿದ ಅಕ್ಕಿಯ ನಡುವೆ ಕೂತು ನನಗೆ ತಿಳಿಯಿತು. ಅದಕ್ಕಿಂತ ಹೆಚ್ಚಾಗಿ ನಾನು ನೋಡಿದ್ದು ಮಗಳನ್ನು. ಬೋರ್ಡಿನ ಮುಂದೆ ನಡುಗುತ್ತಿದ್ದ ಹುಡುಗಿ ಕೈಯಲ್ಲಿ ಪಾವು ಹಿಡಿದು, ಇನ್ನೊಂದು ಲೆಕ್ಕ ಕೊಡಿ ಎನ್ನುವಂತೆ ನಿಂತಿದ್ದಳು.

ಮುಂದಿನ ಬೇಸಿಗೆಯಲ್ಲಿ ಬೇರೆ ಸ್ಕೂಲಿನ ಪ್ರವೇಶ ಪರೀಕ್ಷೆಗೆ ಕರೆದುಕೊಂಡು ಹೋದೆ. ಹೊರಗೆ ಬೇವಿನ ಮರದಡಿ, ಒಂದು ನಿಂಬೆಹಣ್ಣು ಮತ್ತು ವಾಂತಿಗೆಂದು ಪ್ಲಾಸ್ಟಿಕ್ ಕವರು ಹಿಡಿದು ಕಾದಿದ್ದೆ. ಅವಳು ಬಂದವಳೇ, "ಒಂದು ಲೆಕ್ಕ ತಪ್ಪಾಯ್ತಮ್ಮ. ಎಲ್ಲಿ ತಪ್ಪಿದ್ದು ಅಂತ ಈಗ ಗೊತ್ತಾಯ್ತು. ಹೊಟ್ಟೆ ಹಸೀತಿದೆ" ಅಂದಳು. ಮಸಾಲೆದೋಸೆ ತಿನ್ನುತ್ತಾ ಆ ತಪ್ಪನ್ನು ನನಗೆ ವಿವರಿಸಿದಳು. ನನಗೆ ಅರ್ಥವಾಗಲಿಲ್ಲ, ಕಣ್ಣು ತುಂಬಿಕೊಂಡಿದ್ದರಿಂದ ಕೇಳಿಸಿಕೊಳ್ಳಲೂ ಇಲ್ಲ.

ಈಗ ಅವಳು ಒಂಬತ್ತನೇ ತರಗತಿ. ಗಣಿತದಲ್ಲಿ ಮಹಾ ಬುದ್ಧಿವಂತೆಯೇನಲ್ಲ, ಹೆದರುವುದಿಲ್ಲ ಅಷ್ಟೆ. ಅವಳು ಸ್ಕೂಲಿಗೆ ಹೊರಟ ಮೇಲೆ, ನಾವು ಲೆಕ್ಕ ಮಾಡುತ್ತಿದ್ದ ಬೆಳಗಿನ ಆ ಹೊತ್ತು ನನಗೆ ಬಿಕೋ ಅನ್ನಿಸಿ, ಯಾರಿಗೂ ಹೇಳದೆ ಎಂಟನೇ ತರಗತಿಯ ವರ್ಕ್‌ಬುಕ್ ನನಗಾಗಿ ತರಿಸಿಕೊಂಡಿದ್ದೇನೆ. ಇವತ್ತು ಬೀಜಗಣಿತ ಶುರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ನಾನು ಏಳಲೋ ಬೇಡವೋ ಎಂದು ಪೆನ್ಸಿಲ್ ಕಚ್ಚುತ್ತಿದ್ದೆ. ಅತ್ತೆ ಬಂದು ಬಗ್ಗಿ ನೋಡಿದರು.

"ಇದ್ಯಾನವ್ವ, ಲೆಕ್ಕದ್ ಮಧ್ಯದಾಗೆ ಅಕ್ಷರ?"

"ಎಕ್ಸ್ ಅಂತ ಅತ್ತೆ. ಅದು ಎಷ್ಟು ಅಂತ ಗೊತ್ತಿಲ್ಲ. ಕಂಡುಹಿಡೀಬೇಕು."

ಅತ್ತೆ ಆ ಅಕ್ಷರವನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಅಡುಗೆಮನೆಯತ್ತ ನಡೆಯುತ್ತಾ ಅಂದರು:

"ಕೂತ್ಕೊ, ಕಂಡಿಡಿ. ಸಾರು ನಾ ನೋಡ್ಕತ್ತೀನಿ."